‘ಗೊತ್ತೈತಿ’ ಅಂದವರಿಗೆ ‘ಎಲ್ಲಿ ಬರೆದಿದೆ?’ ಎಂಬ ಪ್ರಶ್ನೆ

ಕನ್ನಡ ವಿಕಿಪೀಡಿಯದಲ್ಲಿ ತಮ್ಮೂರಿನ ಬಗ್ಗೆ ಬರೆಯಲು ಬರುವ ಹೊಸಬರ ಕೈ ಹಿಡಿಯುವವರು ಏನು ಕಲಿಸಬೇಕು? ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ನೋಟ

ಹರಪನಹಳ್ಳಿ ಯಾವ ಜಿಲ್ಲೆಯಲ್ಲಿದೆ? 1997ರ ಆಗಸ್ಟ್‌ಗೆ ಮೊದಲು ಕೇಳಿದ್ದರೆ ಬಳ್ಳಾರಿ ಎನ್ನಬೇಕಿತ್ತು. ಆ ತಿಂಗಳು ದಾವಣಗೆರೆ ಜಿಲ್ಲೆ ಹುಟ್ಟಿತು, ಹರಪನಹಳ್ಳಿ ಅತ್ತ ಹೋಯಿತು. ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಕಾಲು ಶತಮಾನದೊಳಗೆ ಒಂದೇ ಊರಿನ ವಿಳಾಸ ಮೂರು ಬಾರಿ ಬದಲಾಯಿತು.

ಅಚ್ಚಾದ ಪುಸ್ತಕ ಇಂಥ ಓಟಕ್ಕೆ ಹೆಜ್ಜೆ ಹಾಕಲಾರದು. 2010ರಲ್ಲಿ ಬಂದ ಪ್ರವಾಸ ಕೈಪಿಡಿ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯನ್ನು ಇಂದಿಗೂ ದಾವಣಗೆರೆ ಜಿಲ್ಲೆಯಲ್ಲೇ ಇಟ್ಟಿರುತ್ತದೆ. ಅದನ್ನು ಬರೆದವರ ತಪ್ಪಲ್ಲ ಅದು. ಅಂದಿಗೆ ಅದೇ ಸರಿ. ವಿಕಿಪೀಡಿಯದಂಥ ಅಂತರ್ಜಾಲ ವಿಶ್ವಕೋಶದಲ್ಲಿ ಆ ಒಂದು ಪದ ತಿದ್ದಲು ಒಂದು ನಿಮಿಷ ಸಾಕು. ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಕೂತ ಹುಡುಗಿಯೂ ಮೊಬೈಲಿನಲ್ಲೇ ತಿದ್ದಬಹುದು. ತಿದ್ದಬಹುದು ಎಂಬುದು ಆಕೆಗೆ ತಿಳಿದಿರಬೇಕು, ಅಷ್ಟೆ. ತಿದ್ದಿದ ಮೇಲೆ ಎರಡನೆಯ ಸಲವೂ ಆಕೆ ಬರುವಂತೆ ನೋಡಿಕೊಳ್ಳುವವರು ಒಬ್ಬರಿರಬೇಕು. ವಿಕಿಪೀಡಿಯದ ಅಳಿವು ಉಳಿವು ಆ ಎರಡನೆಯ ಸಲದ ಮೇಲೆ ನಿಂತಿದೆ.

ಮೂವತ್ತು ಸಾವಿರ ಪುಟಗಳ ಹಿಂದೆ

ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ 2001ರ ಜನವರಿ 15ರಂದು ಇಂಗ್ಲಿಷ್‌ನಲ್ಲಿ ಶುರುಮಾಡಿದ ವಿಕಿಪೀಡಿಯ ಕನ್ನಡಕ್ಕೆ ಬಂದದ್ದು 2003ರ ಜೂನ್‌ನಲ್ಲಿ. ಹರಿ ಪ್ರಸಾದ್ ನಾಡಿಗರಂಥ ಕೆಲವೇ ಉತ್ಸಾಹಿಗಳು ಮೊದಲ ವರ್ಷಗಳಲ್ಲಿ ಅದನ್ನು ಕಟ್ಟಿ ನಿಲ್ಲಿಸಿದರು. ಕನ್ನಡ ಗಣಕ ಕ್ಷೇತ್ರದಲ್ಲಿ ಹೆಸರಾದ ಯು.ಬಿ. ಪವನಜ ಆಮೇಲೆ ಕಾಲೇಜುಗಳಿಗೆ ಹೋಗಿ ಕಾರ್ಯಾಗಾರಗಳನ್ನು ನಡೆಸಿದರು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮಂಗಳೂರಿನ ಸಂತ ಅಲೋಶಿಯಸ್, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕನ್ನಡದಲ್ಲಿ ಲೇಖನ ಬರೆದರು. ಕರಾವಳಿಯಲ್ಲಿ ಆಸಕ್ತರು ಕೂಡಿ ‘ಕರಾವಳಿ ವಿಕಿಮೀಡಿಯನ್ಸ್’ ಎಂಬ ಬಳಗ ಕಟ್ಟಿಕೊಂಡರು. ವರ್ಷಗಟ್ಟಲೆ ಪ್ರಯೋಗದ ಹಂತದಲ್ಲೇ ಇದ್ದ ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಸ್ವತಂತ್ರವಾಗಿ ತೆರೆದುಕೊಂಡದ್ದರ ಹಿಂದೆ ಆ ನೆಲದ ಜನರ ದುಡಿಮೆ ಇದೆ.

ಕನ್ನಡ ವಿಕಿಪೀಡಿಯದ ಲೇಖನಗಳ ಸಂಖ್ಯೆ ಈಗ 30 ಸಾವಿರ ದಾಟಿದೆ. ತೆಲುಗಿನಲ್ಲಿ ಒಂದು ಲಕ್ಷಕ್ಕೂ, ತಮಿಳಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚಿವೆ. ಕನ್ನಡಿಗರಿಗೆ ತಿಳಿವಳಿಕೆ ಕಡಿಮೆ ಎಂದು ಇದರ ಅರ್ಥವಲ್ಲ. ಬರೆಯುವ ಕೈಗಳು ಕಡಿಮೆ, ಬಂದವರಲ್ಲಿ ಉಳಿಯುವವರು ಇನ್ನೂ ಕಡಿಮೆ. ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದು ಮುಗಿಸಿದರು. ಮೈಸೂರು ವಿಶ್ವವಿದ್ಯಾಲಯದ ‘ಕನ್ನಡ ವಿಶ್ವಕೋಶ’ದ 14 ಸಂಪುಟಗಳಿಗೆ ನೂರಾರು ವಿದ್ವಾಂಸರು ದುಡಿದರು. ವಿಕಿಪೀಡಿಯದಲ್ಲಿ ಸಂಬಳದ ಸಂಪಾದಕರಿಲ್ಲ, ಆಹ್ವಾನಿತ ವಿದ್ವಾಂಸರಿಲ್ಲ. ಬಿಡುವಿನ ಹೊತ್ತಿನಲ್ಲಿ ಬಂದು ಬರೆಯುವ ಸಾಮಾನ್ಯರೇ ಅದರ ಲೇಖಕರು. ಹೀಗಾಗಿ ಹೊಸಬರನ್ನು ಬರಮಾಡಿಕೊಂಡು ಪಳಗಿಸುವ ಕೆಲಸ ನಿಂತರೆ ವಿಶ್ವಕೋಶವೂ ಅಲ್ಲೇ ನಿಲ್ಲುತ್ತದೆ.

ಮೊದಲ ದಿನದ ತೊಡಕುಗಳು

ಕೊಟ್ಟೂರಿನ ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಮೂವತ್ತು ಮಂದಿಗೆ ಕಾರ್ಯಾಗಾರ ಇಟ್ಟುಕೊಂಡಿದೆ ಎಂದುಕೊಳ್ಳೋಣ. ಬೆಳಗಿನ ಭಾಷಣ ಮುಗಿದು ಎಲ್ಲರೂ ಖಾತೆ ತೆರೆಯಲು ಕೂರುತ್ತಾರೆ. ಮೊದಲ ಆರು ಮಂದಿಯ ಖಾತೆ ತೆರೆಯುತ್ತದೆ, ಏಳನೆಯವರಿಗೆ ಬಾಗಿಲು ಮುಚ್ಚುತ್ತದೆ. ಕಾಲೇಜಿನ ಕಂಪ್ಯೂಟರುಗಳೆಲ್ಲ ಹೊರಜಗತ್ತಿಗೆ ಒಂದೇ ಐಪಿ ವಿಳಾಸದಿಂದ ಕಾಣುತ್ತವೆ. ಒಂದು ವಿಳಾಸದಿಂದ ದಿನಕ್ಕೆ ಆರಕ್ಕಿಂತ ಹೆಚ್ಚು ಖಾತೆ ತೆರೆಯದಂತೆ ವಿಕಿಪೀಡಿಯ ತಡೆ ಹಾಕಿದೆ. ಕಿಡಿಗೇಡಿಗಳನ್ನು ತಡೆಯಲು ಮಾಡಿದ ನಿಯಮ ಅದು. ಮುಂಚೆ ಕೋರಿಕೊಂಡರೆ ಸಡಿಲಿಸುತ್ತಾರೆ. ಇಲ್ಲವೇ ವಿದ್ಯಾರ್ಥಿಗಳೆಲ್ಲ ಹಿಂದಿನ ದಿನವೇ ತಮ್ಮ ಮೊಬೈಲ್ ಡೇಟಾ ಬಳಸಿ ಖಾತೆ ತೆರೆದುಕೊಂಡು ಬರಬಹುದು. ಕಾರ್ಯಾಗಾರ ನಡೆಸುವವರಿಗೆ ಇದು ತಿಳಿಯದಿದ್ದರೆ ಇಪ್ಪತ್ನಾಲ್ಕು ಮಕ್ಕಳು ಮಧ್ಯಾಹ್ನದವರೆಗೆ ಕೈಕಟ್ಟಿ ಕೂರಬೇಕು. ಆಮೇಲೆ ಅವರಲ್ಲಿ ಉತ್ಸಾಹ ಹುಡುಕಿದರೆ ಎಲ್ಲಿಂದ ಬಂದೀತು?

ಎರಡನೆಯ ತೊಡಕು ಅಕ್ಷರದ್ದು. ನಮ್ಮ ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ, ಶಾಲೆ ಮತ್ತು ಪಂಚಾಯಿತಿ ಕಚೇರಿಗಳಲ್ಲಿ ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳು ರಾಶಿ ರಾಶಿ ಇವೆ. ಜಾತ್ರೆಯ ಸ್ಮರಣ ಸಂಚಿಕೆ, ಶಾಲೆಯ ಸುವರ್ಣ ಮಹೋತ್ಸವದ ಪುಸ್ತಕ ಎಲ್ಲ ಅದರಲ್ಲೇ. ಆ ಪಠ್ಯವನ್ನು ತಂದು ವಿಕಿಪೀಡಿಯದಲ್ಲಿ ಅಂಟಿಸಿದರೆ ಕನ್ನಡ ಕಾಣದು, ಅರ್ಥವಿಲ್ಲದ ಲ್ಯಾಟಿನ್ ಅಕ್ಷರ ಕಾಣುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿದ ಮೇಲಷ್ಟೇ ಅದು ಓದಲು ಬರುತ್ತದೆ. ಮಾರ್ಗದರ್ಶಕರು ಇದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು. ವಿಕಿಪೀಡಿಯದ ಬರೆಯುವ ಪೆಟ್ಟಿಗೆಯಲ್ಲೇ ಕನ್ನಡ ಕೀಲಿಮಣೆಯ ಆಯ್ಕೆ ಇದೆ. ಮೊಬೈಲಿನಲ್ಲಿ ಕನ್ನಡ ಟೈಪಿಸುವುದು ಈಗಿನ ಮಕ್ಕಳಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಮೂರನೆಯದು ಭಯ. ‘ನಾನು ಮುಟ್ಟಿ ಏನಾದರೂ ಹಾಳಾದರೆ?’ ಇದಕ್ಕೆ ಮದ್ದು ಪುಟದ ಮೇಲಿರುವ ‘ಇತಿಹಾಸ’ದ ಗುಂಡಿ. ಲೇಖನದ ಮೊದಲ ಆವೃತ್ತಿಯಿಂದ ನಿನ್ನೆಯ ಅಲ್ಪವಿರಾಮದವರೆಗೆ ಪ್ರತಿ ತಿದ್ದುಪಡಿಯೂ ತಾರೀಖು, ಗಂಟೆ, ತಿದ್ದಿದವರ ಹೆಸರಿನೊಂದಿಗೆ ಅಲ್ಲಿ ದಾಖಲಾಗಿರುತ್ತದೆ. ಅಳಿಸಿದ್ದನ್ನೂ ಒಂದೇ ಒತ್ತಿಗೆ ಮರಳಿ ತರಬಹುದು. ಹೊಸಬರಿಗೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಅವರ ಪ್ರಯೋಗಪುಟದಲ್ಲಿ ಒಂದು ಸಾಲು ಬರೆಸಿ, ಅಳಿಸಿ, ಮರಳಿ ತರಿಸಿ ತೋರಿಸುವುದು ಮೇಲು. ಆಮೇಲೆ ಕೈ ನಡುಗುವುದಿಲ್ಲ.

ಸಾವಿರ ವರ್ಷದ ಗುಡಿ ಮತ್ತು ಮದ್ರಾಸಿನ ಪುಸ್ತಕ

ನಿಜವಾದ ಪಾಠ ಶುರುವಾಗುವುದು ಇಲ್ಲಿಂದ. ಹೊಸಬರು ಬರೆಯುವ ಮೊದಲ ವಾಕ್ಯ ಸಾಮಾನ್ಯವಾಗಿ ತಮ್ಮೂರಿನ ಗುಡಿಯದ್ದು. ‘ಬಾಗಳಿಯ ಕಲ್ಲೇಶ್ವರ ಗುಡಿ ಸಾವಿರ ವರ್ಷ ಹಳೆಯದು.’ ಎಲ್ಲಿಂದ ತಿಳಿಯಿತು ಎಂದು ಕೇಳಿದರೆ, ‘ನಮ್ಮೂರಾಗ ಎಲ್ಲಾರಿಗೂ ಗೊತ್ತೈತಿ ಸರ್’ ಎಂಬ ಉತ್ತರ. ಆ ಉತ್ತರದಲ್ಲಿ ಸುಳ್ಳಿಲ್ಲ, ಊರಿನ ಮೇಲಿನ ಪ್ರೀತಿಯೂ ಇದೆ. ಆದರೆ ವಿಶ್ವಕೋಶಕ್ಕೆ ಅದು ಸಾಲದು. ಯಾವುದೋ ದೇಶದಲ್ಲಿ ಕೂತು ಓದುವವರಿಗೆ ಬರೆದವರ ಪರಿಚಯವಿಲ್ಲ. ಅವರು ನಂಬಬೇಕಾದದ್ದು ಬರೆದವರ ಮಾತನ್ನಲ್ಲ, ಬರೆದವರು ತೋರಿಸಿದ ಆಧಾರವನ್ನು. ‘ಗೊತ್ತೈತಿ’ ಎಂಬಲ್ಲಿಂದ ‘ಇಲ್ಲಿ ಬರೆದಿದೆ’ ಎಂಬಲ್ಲಿಗೆ ಹೊಸಬರನ್ನು ಕರೆದೊಯ್ಯುವುದೇ ಮಾರ್ಗದರ್ಶಕರ ಮುಖ್ಯ ಕೆಲಸ. ಉಳಿದೆಲ್ಲ ಗುಂಡಿ ಒತ್ತುವ ಕಸುಬು.

ಈ ಐದು ತಾಲ್ಲೂಕುಗಳಲ್ಲಿ ಆಧಾರ ಹುಡುಕುವವರು ಒಂದು ಚರಿತ್ರೆ ತಿಳಿದಿರಬೇಕು. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಹಾಗಾಗಿ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ಸೇರಿಸಿ ತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಹಳೆಯ ಸಂಪುಟಗಳಲ್ಲಿ ಹೂವಿನಹಡಗಲಿಯನ್ನೋ ಹರಪನಹಳ್ಳಿಯನ್ನೋ ಹುಡುಕಿ ಸಿಗಲಿಲ್ಲವೆಂದು ಕೈಬಿಟ್ಟರೆ ನಷ್ಟ. ಇಲ್ಲಿನ ಶಾಸನಗಳಿರುವುದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ, 1939ರಿಂದ ಹೊರಬಂದ ಆ ಸಂಪುಟ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೇ ಮೀಸಲು. ಗುಡಿಗಳ ವಾಸ್ತುಶಿಲ್ಪಕ್ಕೆ ಅಲೆಗ್ಸಾಂಡರ್ ರೇ 1896ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಇದೆ. ಬಳ್ಳಾರಿ ಜಿಲ್ಲೆಯ ಗುಡಿಗಳೇ ಅದರ ವಸ್ತು. ಹಳ್ಳಿ, ಕೆರೆ, ಬರಗಾಲ, ಪಾಳೆಯಗಾರರ ಸಂಗತಿಗಳಿಗೆ ಡಬ್ಲ್ಯು. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಗೆಜೆಟಿಯರ್ ಇದೆ. ಇವೆಲ್ಲ ಹಕ್ಕುಸ್ವಾಮ್ಯದ ಅವಧಿ ಮೀರಿದವು, ಅಂತರ್ಜಾಲದ ಗ್ರಂಥಭಂಡಾರಗಳಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಶಾಸನ ಸಂಪುಟಗಳೂ ಕೈಗೆಟಕುವ ದೂರದಲ್ಲಿವೆ.

ಬಾಗಳಿಯ ಆ ವಾಕ್ಯ ಈಗ ಹೇಗಾಗುತ್ತದೆ ನೋಡಿ. ಕಲ್ಯಾಣ ಚಾಲುಕ್ಯರ ಮೊದಲ ದೊರೆ ಇಮ್ಮಡಿ ತೈಲಪನ ಕಾಲದ, ಕ್ರಿ.ಶ. 987ರ ಶಾಸನ ಈ ಗುಡಿಗೆ ಸಂಬಂಧಿಸಿದೆ. ಊರಿನ ಹಳೆಯ ಹೆಸರು ಬಲ್ಗುಳಿ. ‘ಸಾವಿರ ವರ್ಷ ಹಳೆಯದು’ ಎಂಬ ಮಾತು ಸುಳ್ಳಾಗಲಿಲ್ಲ. ಇಸವಿ, ಅರಸ, ಊರ ಹೆಸರು ಮೂರೂ ಬಂದು ಸೇರಿ ಗಟ್ಟಿಯಾಯಿತು. ಕೆಳಗೆ ಸಂಪುಟದ ಹೆಸರು, ಶಾಸನದ ಸಂಖ್ಯೆ, ಪುಟ ಬರೆದರೆ ಮುಗಿಯಿತು. ಇದನ್ನು ಒಮ್ಮೆ ಮಾಡಿದ ಹುಡುಗ ಮುಂದೆ ನೀಲಗುಂದದ ಭೀಮೇಶ್ವರ, ಮಾಗಳದ ಸೂರ್ಯನಾರಾಯಣ, ಹಿರೇಹಡಗಲಿಯ ಕಲ್ಲೇಶ್ವರ, ತುಂಗಭದ್ರೆಯ ದಂಡೆಯ ಕುರುವತ್ತಿ ಮಲ್ಲಿಕಾರ್ಜುನ ಗುಡಿಗಳ ಬಳಿ ಹೋದಾಗ ಅಲ್ಲಿ ನಿಂತ ಶಾಸನದ ಕಲ್ಲನ್ನು ಬೇರೆ ಕಣ್ಣಿಂದ ನೋಡುತ್ತಾನೆ. ಮದ್ರಾಸಿನ ಸಂಪುಟದಲ್ಲಿ ಇದರ ಪಾಠ ಇದೆಯೇ ಎಂದು ಆತನೇ ಹುಡುಕಲು ಕೂರುತ್ತಾನೆ.

ಹಕ್ಕಿಗಳ ಕೆರೆಯ ಮೂರು ವಾಕ್ಯ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಬಗ್ಗೆ ಹೊಸಬರೊಬ್ಬರು ಹೀಗೆ ಬರೆದಾರು: ‘ನಮ್ಮ ತಾಲ್ಲೂಕಿನ ಹೆಮ್ಮೆಯಾದ ಅಂಕಸಮುದ್ರ ಪಕ್ಷಿಗಳ ಸ್ವರ್ಗವಾಗಿದೆ. ಇಲ್ಲಿಗೆ ದೇಶ ವಿದೇಶಗಳಿಂದ ಲಕ್ಷಾಂತರ ಹಕ್ಕಿಗಳು ಬರುತ್ತವೆ. ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆ ನೋಡಲೇಬೇಕಾದ ತಾಣ.’

ಮೂರೂ ವಾಕ್ಯ ಪ್ರೀತಿಯಿಂದ ಬಂದವು, ಮೂರೂ ವಿಶ್ವಕೋಶಕ್ಕೆ ಒಗ್ಗುವುದಿಲ್ಲ. ಅವಸರದ ಹಳಬರು ಇದನ್ನು ಒಂದೇ ಏಟಿಗೆ ಅಳಿಸಿಹಾಕುತ್ತಾರೆ. ಒಳ್ಳೆಯ ಮಾರ್ಗದರ್ಶಕರು ಬರೆದವರ ಪಕ್ಕದಲ್ಲಿ ಕೂತು ಒಂದೊಂದೇ ಪ್ರಶ್ನೆ ಕೇಳುತ್ತಾರೆ. ‘ನಮ್ಮ’ ಎಂದರೆ ಯಾರ ತಾಲ್ಲೂಕು? ಓದುವವರು ಧಾರವಾಡದವರಾದರೆ? ಲಕ್ಷಾಂತರ ಎಂದು ಎಣಿಸಿದವರು ಯಾರು? ನೋಡಲೇಬೇಕು ಎಂದು ವಿಶ್ವಕೋಶ ಹೇಳಬಹುದೇ, ಅಥವಾ ಏನಿದೆ ಎಂದಷ್ಟೇ ಹೇಳಿ ತೀರ್ಮಾನ ಓದುಗರಿಗೆ ಬಿಡಬೇಕೇ?

ಆಮೇಲೆ ಇಬ್ಬರೂ ಸೇರಿ ಹುಡುಕಿದರೆ ಕೇಂದ್ರ ಪರಿಸರ ಸಚಿವಾಲಯ 2024ರ ಜನವರಿ 31ರಂದು ಹೊರಡಿಸಿದ ಪ್ರಕಟಣೆ ಸಿಗುತ್ತದೆ. ಅಂದು ಅಂಕಸಮುದ್ರದ ಜೊತೆ ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಮತ್ತು ತಮಿಳುನಾಡಿನ ಎರಡು ತಾಣಗಳು ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿ ದೇಶದ ರಾಮ್‌ಸಾರ್ ತಾಣಗಳ ಸಂಖ್ಯೆ 80ಕ್ಕೆ ಏರಿತು. ಆ ಪ್ರಕಟಣೆಯನ್ನು ಆಧರಿಸಿ ಬರೆದರೆ ಪಠ್ಯ ಹೀಗಾಗುತ್ತದೆ: ‘ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವು ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿದೆ. ಶತಮಾನಗಳ ಹಿಂದೆ ಕಟ್ಟಿದ ಈ ನೀರಾವರಿ ಕೆರೆಯ ವಿಸ್ತೀರ್ಣ 98.76 ಹೆಕ್ಟೇರ್. 240 ಜಾತಿಯ ಹಕ್ಕಿಗಳು ಇಲ್ಲಿ ದಾಖಲಾಗಿದ್ದು, 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ತಂಗುತ್ತವೆ. ಅವುಗಳಲ್ಲಿ ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಕೆಂಬರಲು ಮುಖ್ಯವಾದವು.’

‘ಲಕ್ಷಾಂತರ’ ಹೋಗಿ ‘30 ಸಾವಿರ’ ಬಂದಾಗ ಬರೆದವರ ಮುಖ ಒಂದು ಕ್ಷಣ ಸಣ್ಣದಾಗಬಹುದು. ಆದರೆ ಹೆಮ್ಮೆ ಎಂಬ ಪದ ಬಳಸದೆಯೇ ಹೆಮ್ಮೆಪಡುವಷ್ಟು ವಿಷಯ ಈಗ ಪುಟದಲ್ಲಿದೆ. ಇನ್ನುಳಿದದ್ದು ಚಿತ್ರ. ತಾವೇ ತೆಗೆದ ಚಿತ್ರವನ್ನು ಮುಕ್ತ ಕಡತಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರೆ ಜಗತ್ತಿನ ಯಾವ ಭಾಷೆಯ ವಿಕಿಪೀಡಿಯವೂ ಅದನ್ನು ಬಳಸಬಹುದು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಏರಿಸುವಂತಿಲ್ಲ. ತೆಗೆದವರ ಹಕ್ಕು ಅದರ ಮೇಲಿರುತ್ತದೆ.

‘ಏಕೈಕ’ ಎನ್ನುವ ಮುನ್ನ

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕವಿದೆ. ಇಂಥ ಜಾಗದ ಸುತ್ತ ‘ದೇಶದಲ್ಲೇ ಏಕೈಕ’, ‘ದಕ್ಷಿಣ ಭಾರತದಲ್ಲೇ ಮೊದಲನೆಯದು’ ಎಂಬ ಮಾತುಗಳು ಬೇಗ ಹುಟ್ಟುತ್ತವೆ. ಪುಣೆಯ ಆಗಾ ಖಾನ್ ಅರಮನೆಯಲ್ಲೂ ಚಿತಾಭಸ್ಮವಿದೆ ಎಂದು ತಿಳಿದವರು ‘ಏಕೈಕ’ ಎಂದು ಬರೆಯುವುದಿಲ್ಲ. ಕೂಡ್ಲಿಗಿಯಂಥ ಸಣ್ಣ ಪೇಟೆಯ ಜನ ರಾಷ್ಟ್ರಪಿತನ ಅಸ್ಥಿಯನ್ನು ತಂದು, ಸ್ಮಾರಕ ಕಟ್ಟಿ, ಕಾಪಾಡಿಕೊಂಡು ಬಂದರು ಎಂಬ ಸಂಗತಿಗೆ ಆ ವಿಶೇಷಣ ಬೇಕಾಗಿಯೂ ಇಲ್ಲ. ಯಾರು ತಂದರು, ಯಾವಾಗ ಕಟ್ಟಿದರು ಎಂಬುದನ್ನು ಅಂದಿನ ಪತ್ರಿಕೆ, ಸ್ಥಳೀಯ ಆಡಳಿತದ ಪ್ರಕಟಣೆಗಳಲ್ಲಿ ಹುಡುಕಿ ಬರೆಯುವುದು ಹೊಸಬರಿಗೆ ಕೊಡಬಹುದಾದ ಒಳ್ಳೆಯ ಕೆಲಸ.

ದೇವರು, ಮಠಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ ಎಂಬುದು ಕಣ್ಣಾರೆ ಕಾಣುವ ಆಚರಣೆ, ಹಾಗೆಯೇ ಬರೆಯಬಹುದು. ಅದರ ಫಲವೇನು ಎಂಬುದು ನಂಬಿಕೆ. ‘ಎಂದು ಭಕ್ತರು ನಂಬುತ್ತಾರೆ’ ಎಂಬ ಮೂರು ಪದ ಸೇರಿಸಿದರೆ ಭಕ್ತರಿಗೂ ಅವಮಾನವಿಲ್ಲ, ನಂಬದವರಿಗೂ ಒತ್ತಾಯವಿಲ್ಲ. ಮೈಲಾರ ಜಾತ್ರೆಯ ಕಾರ್ಣಿಕದಲ್ಲಿ, ಅಂದರೆ ಭವಿಷ್ಯ ನುಡಿಯುವ ಆಚರಣೆಯಲ್ಲಿ, ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ಸಾಲು ಮರುದಿನದ ಪತ್ರಿಕೆಗಳಲ್ಲಿ ಬರುತ್ತದೆ. ಇಂಥ ವರ್ಷ ಇಂಥ ನುಡಿ ಎಂದು ಪತ್ರಿಕೆಯ ಆಧಾರದೊಂದಿಗೆ ಬರೆಯಬಹುದು. ಅದು ಮಳೆಯ ಬಗ್ಗೆಯೋ ರಾಜಕೀಯದ ಬಗ್ಗೆಯೋ ಎಂಬ ವ್ಯಾಖ್ಯಾನ ಬರೆಯುವವರದ್ದಾಗಕೂಡದು. ವ್ಯಾಖ್ಯಾನಿಸಿದವರ ಹೆಸರಿನಲ್ಲೇ ಬರಬೇಕು.

ವ್ಯಕ್ತಿಗಳ ಬಗ್ಗೆ ಬರೆಯುವಾಗಲೂ ಇದೇ ಸೂತ್ರ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಹಾಸ್ಯ ಸಾಹಿತಿ ಬೀchi, ಕೀರ್ತನೆಗಳನ್ನು ರಚಿಸಿದ ಹರಪನಹಳ್ಳಿ ಭೀಮವ್ವ, ಕೊಟ್ಟೂರಿನಲ್ಲಿ ಹುಟ್ಟಿ ‘ಅರಮನೆ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕುಂ. ವೀರಭದ್ರಪ್ಪ, ಹಡಗಲಿಯ ರಾಜಕಾರಣಿ ಹಾಗೂ ರಂಗಪ್ರೇಮಿ ಎಂ.ಪಿ. ಪ್ರಕಾಶ್ ಇವರ ಬಗ್ಗೆ ಆಧಾರಗಳು ಧಾರಾಳ. ಬದುಕಿರುವವರ ಬಗ್ಗೆ ಮಾತ್ರ ಒಂದೊಂದು ಹೇಳಿಕೆಗೂ ಆಧಾರ ಬೇಕೇ ಬೇಕು. ತನ್ನ ಮಾವನ ಬಗ್ಗೆ, ತಾನು ಓಟು ಹಾಕಿಸುವ ಮುಖಂಡನ ಬಗ್ಗೆ, ತನ್ನದೇ ಕೋಚಿಂಗ್ ಸೆಂಟರಿನ ಬಗ್ಗೆ ಬರೆಯಲು ಬಂದವರಿಗೆ ‘ಅದನ್ನು ಬೇರೆಯವರು ಬರೆಯಲಿ, ನೀವು ಊರಿನ ಕೆರೆಯ ಬಗ್ಗೆ ಬರೆಯಿರಿ’ ಎಂದು ಮೊದಲ ದಿನವೇ ಮೆತ್ತಗೆ ಹೇಳಿಬಿಡಬೇಕು.

ನಕಲು, ಯಂತ್ರಾನುವಾದ ಮತ್ತು ಅಂಕದ ಆಸೆ

2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ನೂರಾರು ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯುವ ಕೆಲಸ ಕೊಡಲಾಯಿತು. ಬರೆದದ್ದಕ್ಕೆ ಅಂಕವಿತ್ತು. ಹಲವರು ಪುಸ್ತಕ, ಜಾಲತಾಣಗಳಿಂದ ಪುಟಗಟ್ಟಲೆ ಎತ್ತಿ ಅಂಟಿಸಿದರು. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಸ್ವಯಂಸೇವಕರು ಹೈರಾಣಾದರು. ಆ ವರ್ಷದ ಕೊನೆಯೊಳಗೆ ಯೋಜನೆಯನ್ನೇ ನಿಲ್ಲಿಸಬೇಕಾಯಿತು. ಮಕ್ಕಳು ಕೆಟ್ಟವರಾಗಿರಲಿಲ್ಲ. ನೋಟ್ಸ್ ನಕಲು ಮಾಡುವುದನ್ನೇ ಓದು ಎಂದು ಕಲಿಸಿದ ವ್ಯವಸ್ಥೆಯಿಂದ ಬಂದವರು ಅವರು. ನೂರಾರು ಮಂದಿಗೆ ಕಲಿಸಲು ಅನುಭವಿಗಳು ಬೆರಳೆಣಿಕೆಯಷ್ಟಿದ್ದರು.

ಕನ್ನಡಕ್ಕೆ ಬೇರೊಂದು ಬಗೆಯ ಪೆಟ್ಟು ಬಿತ್ತು. ಅದೇ ಸುಮಾರಿಗೆ ಗೂಗಲ್ ಸಂಸ್ಥೆ ಹಣ ಕೊಟ್ಟು, ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಭಾರತೀಯ ಭಾಷೆಗಳಿಗೆ ಅನುವಾದ ಮಾಡಿಸಿತು. ಕನ್ನಡದ ಪುಟಗಳ ಸಂಖ್ಯೆ ಏರಿತು, ಓದಲು ಕೂತವರಿಗೆ ವಾಕ್ಯದ ತಲೆ ಬುಡ ತಿಳಿಯಲಿಲ್ಲ. ಕನ್ನಡವೇ ಅಲ್ಲದ ಕನ್ನಡದ ಆ ಪುಟಗಳನ್ನು ಸರಿಪಡಿಸುವ ಕೆಲಸ ಸ್ವಯಂಸೇವಕರ ತಲೆಗೆ ಬಂತು. ಈಗ ಯಂತ್ರಗಳು ಮತ್ತಷ್ಟು ಚುರುಕಾಗಿವೆ, ವಾಕ್ಯಗಳು ನುಣುಪಾಗಿ ಬರುತ್ತವೆ. ಒಳಗಿನ ಸಂಗತಿ ಸರಿಯೋ ತಪ್ಪೋ ಎಂದು ನೋಡುವ ಹೊಣೆ ಮಾತ್ರ ಇಂದಿಗೂ ಮನುಷ್ಯರದ್ದೇ. ಇಂಗ್ಲಿಷ್‌ನಿಂದ ಕನ್ನಡಿಸುವ ಹೊಸಬರಿಗೆ ಒಂದು ಪರೀಕ್ಷೆ ಹೇಳಿಕೊಡಬಹುದು: ಬರೆದದ್ದನ್ನು ಮನೆಯಲ್ಲಿ ಅವ್ವನಿಗೋ ತಂಗಿಗೋ ಗಟ್ಟಿಯಾಗಿ ಓದಿ ಹೇಳಿ, ಅವರು ‘ಏನಂದಿ?’ ಎಂದು ಕೇಳಿದ ಕಡೆಯೆಲ್ಲ ವಾಕ್ಯ ಒಡೆದು ಮತ್ತೆ ಬರೆಯಿರಿ.

ಕಾನೂನಿಗೆ ಒಪ್ಪುವ ದಾರಿಯಲ್ಲಿ ಎತ್ತಿ ಬಳಸಬಹುದಾದ ಪಠ್ಯವೂ ಕನ್ನಡದಲ್ಲಿದೆ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದೆ. ಮೂಲದ ಹೆಸರು ಹೇಳಿ ಅದರ ಪಠ್ಯವನ್ನು ವಿಕಿಪೀಡಿಯಕ್ಕೆ ತರಬಹುದು. ಆದರೆ ಅಲ್ಲಿನ ‘ಕ’ ಅಕ್ಷರದ ಸಂಪುಟಗಳು ದಶಕಗಳ ಹಿಂದಿನವು. ಆಗ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಒಂದು ಪಟ್ಟಣ. ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ತಂದದ್ದನ್ನು ಇಂದಿಗೆ ಹೊಂದಿಸುವುದೂ ಬರಹಗಾರರ ಕೆಲಸವೇ.

ಬರೆದಿಲ್ಲದ ಅರಿವು

ಆಧಾರ ಕೇಳುವ ಈ ಪಾಠಕ್ಕೆ ಒಂದು ನೋವಿನ ಮಗ್ಗುಲಿದೆ. ಗೊರವರ ಹಾಡು, ಜೋಗತಿಯರ ಕಥೆ, ಹಡಗಲಿ ಮಲ್ಲಿಗೆ ಬೆಳೆಯುವ ರೈತ ಗಿಡ ಸವರುವ ಕಾಲ ಇವು ಬಾಯಿಂದ ಬಾಯಿಗೆ ಬಂದವು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಸಿಕ್ಕಿರುವುದರಿಂದ ನೋಂದಣಿ ದಾಖಲೆಯಾದರೂ ಇದೆ. ಉಳಿದವಕ್ಕೆ? ‘ಎಲ್ಲಿ ಬರೆದಿದೆ’ ಎಂಬ ಪ್ರಶ್ನೆ ಕೇಳಿದೊಡನೆ ಓದು ಬರೆಹ ಬಾರದವರ ತಿಳಿವಳಿಕೆಯೆಲ್ಲ ವಿಶ್ವಕೋಶದ ಹೊರಗೆ ನಿಂತುಬಿಡುತ್ತದೆ.

ಈ ಅನ್ಯಾಯವನ್ನು ಗುರುತಿಸಿದವರು ವಿಕಿಪೀಡಿಯದ ಒಳಗೇ ಇದ್ದಾರೆ. ಬೆಂಗಳೂರಿನ ಅಚಲ್ ಪ್ರಭಲ 2011ರಲ್ಲಿ ‘ಪೀಪಲ್ ಆರ್ ನಾಲೆಡ್ಜ್’ ಎಂಬ ಚಿತ್ರದ ಮೂಲಕ, ಕೇರಳದ ಆಟ, ಆಚರಣೆಗಳಂಥ ಸಂಗತಿಗಳಿಗೆ ಜನರ ಧ್ವನಿಮುದ್ರಿಕೆಯನ್ನೇ ಆಧಾರವಾಗಿ ಕೊಡಬಾರದೇಕೆ ಎಂದು ಕೇಳಿದರು. ವಿಕಿಪೀಡಿಯ ಸಮುದಾಯದಲ್ಲಿ ದೊಡ್ಡ ಚರ್ಚೆಯಾಯಿತು, ಒಮ್ಮತ ಮೂಡಲಿಲ್ಲ. ಅದು ಮೂಡುವವರೆಗೆ ಹೊಸಬರಿಗೆ ತೋರಿಸಬಹುದಾದ ದಾರಿಗಳಿವೆ. ಹಾಡು, ಕಥೆಯನ್ನು ಹಾಡುವವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ಕಾಮನ್ಸ್‌ನಲ್ಲಿ ಇಡಬಹುದು. ಜಾನಪದ ವಿದ್ವಾಂಸರು ಈಗಾಗಲೇ ಅಚ್ಚು ಹಾಕಿಸಿದ್ದನ್ನು ಆಧಾರವಾಗಿ ಬಳಸಬಹುದು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣ ತಮ್ಮೂರಿನ ಮಾತನ್ನೇ ಕಿವಿಗೊಟ್ಟು ಕೇಳಿ ‘ಚಿಗಟೇರಿ ಪದಕೋಶ’ ಕಟ್ಟಿದರು. ಒಬ್ಬರು ಕೂತು ಬರೆದಿಟ್ಟರೆ ಊರ ಮಾತೂ ಉಲ್ಲೇಖಿಸಬಹುದಾದ ಆಧಾರವಾಗುತ್ತದೆ ಎಂಬುದಕ್ಕೆ ಇದೇ ನೆಲದ ಉದಾಹರಣೆ ಅದು. ವಿಕಿಪೀಡಿಯಕ್ಕೆ ಬಂದ ಹುಡುಗರಲ್ಲಿ ಒಬ್ಬಿಬ್ಬರಾದರೂ ಈ ಕಡೆ ತಿರುಗಿ, ಪತ್ರಿಕೆಗೋ ಸಂಶೋಧನಾ ನಿಯತಕಾಲಿಕಕ್ಕೋ ತಮ್ಮೂರಿನ ಅರಿವನ್ನು ಬರೆದುಕೊಟ್ಟರೆ ಅದು ಲೇಖನ ತಿದ್ದಿದ್ದಕ್ಕಿಂತ ದೊಡ್ಡ ಕೆಲಸ.

ಅಳಿಸಿದಾಗ ಏನು ಹೇಳಬೇಕು

ಹೊಸಬರು ಬಿಟ್ಟುಹೋಗುವುದು ಯಾವಾಗ? ಅಮೆರಿಕದ ಏರನ್ ಹಾಫೇಕರ್ ಮತ್ತು ಸಂಗಡಿಗರು ಇಂಗ್ಲಿಷ್ ವಿಕಿಪೀಡಿಯ ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. 2007ರವರೆಗೆ ಏರುತ್ತಿದ್ದ ಸಕ್ರಿಯ ಸಂಪಾದಕರ ಸಂಖ್ಯೆ ಆಮೇಲೆ ಇಳಿಯತೊಡಗಿತು. ಕೆಡುಕು ತಡೆಯಲು ತಂದ ನಿಯಮಗಳು ಮತ್ತು ಸ್ವಯಂಚಾಲಿತ ಸಾಧನಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಮೊದಲ ಬರಹವನ್ನೂ ತಿರಸ್ಕರಿಸತೊಡಗಿದ್ದವು. ಮೊದಲ ತಿದ್ದುಪಡಿಯೇ ರದ್ದಾದವರು ಮರಳಿ ಬರುವುದು ಕಡಿಮೆ ಎಂದು ಅವರು ಕಂಡುಕೊಂಡರು. ಇಂಗ್ಲಿಷ್ ಸಮುದಾಯ 2012ರಲ್ಲೇ ‘ಟೀಹೌಸ್’ ಎಂಬ ಪುಟ ತೆರೆದು, ಹೊಸಬರ ಯಾವ ಪ್ರಶ್ನೆಗೂ ಸೌಜನ್ಯದಿಂದ ಉತ್ತರಿಸಲು ಅನುಭವಿಗಳನ್ನು ಕೂರಿಸಿತ್ತು.

ಕನ್ನಡ ವಿಕಿಪೀಡಿಯದ ಚರ್ಚಾ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿದೆ. ಅಲ್ಲಿ ಯಾರು ಬೇಕಾದರೂ ಪ್ರಶ್ನೆ ಹಾಕಬಹುದು. ಆದರೆ ಹಡಗಲಿಯ ಹುಡುಗಿಗೆ ಅರಳಿ ಕಟ್ಟೆ ಇದೆ ಎಂದು ಹೇಳುವವರು ಬೇಕು, ಆಕೆ ಕೇಳಿದಾಗ ಅದೇ ವಾರ ಉತ್ತರಿಸುವವರು ಬೇಕು. ನಿರ್ವಾಹಕರು ಬೆರಳೆಣಿಕೆಯಷ್ಟು, ದಿನವೂ ಜಾಹೀರಾತು, ನಕಲು, ಬೈಗುಳ ತೆಗೆಯುವುದರಲ್ಲೇ ಅವರ ಹೊತ್ತು ಹೋಗುತ್ತದೆ. ‘ಆಧಾರವಿಲ್ಲ, ಅಳಿಸಲಾಗಿದೆ’ ಎಂಬ ಎರಡು ಪದದ ಟಿಪ್ಪಣಿ ಅವರ ಅವಸರಕ್ಕೆ ಸಹಜ. ಓದುವ ಹೊಸಬರಿಗೆ ಅದು ಕೆನ್ನೆಗೆ ಹೊಡೆದಂತೆ. ಅಲ್ಲೇ ಸ್ಥಳೀಯ ಮಾರ್ಗದರ್ಶಕರ ಅಗತ್ಯ ಬೀಳುತ್ತದೆ. ‘ತಂಗಿ, ನೀನು ಬರೆದದ್ದು ತಪ್ಪಲ್ಲ. ಈ ಎರಡನೇ ಸಾಲಿಗೆ ಪತ್ರಿಕೆಯ ತಾರೀಖು ಹಾಕಿ ಮತ್ತೆ ಸೇರಿಸು, ನಿಲ್ಲುತ್ತದೆ’ ಎಂದು ಫೋನಿನಲ್ಲಿ ಹೇಳಲು ಐದು ನಿಮಿಷ ಬೇಕು. ಆ ಐದು ನಿಮಿಷ ಸಿಗದೆ ಹೋದವರೆಷ್ಟೋ.

ಕೈ ಹಿಡಿಯುವವರು ಮಹಾ ತಂತ್ರಜ್ಞರೇ ಆಗಬೇಕಿಲ್ಲ. ಕೊಟ್ಟೂರು, ಹರಪನಹಳ್ಳಿಗಳ ಕಾಲೇಜು ಗ್ರಂಥಪಾಲಕರು, ಇತಿಹಾಸ ಮತ್ತು ಕನ್ನಡ ಅಧ್ಯಾಪಕರು, ನಿವೃತ್ತ ಮೇಷ್ಟ್ರುಗಳು, ಪತ್ರಿಕೆಗಳ ಅರೆಕಾಲಿಕ ವರದಿಗಾರರು, ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸಿಗಳು ಎಲ್ಲರಲ್ಲೂ ಒಂದೊಂದು ಬಗೆಯ ಆಧಾರದ ಅರಿವಿದೆ. ಗೆಜೆಟಿಯರ್ ಯಾವ ಕಪಾಟಿನಲ್ಲಿದೆ ಎಂದು ಗ್ರಂಥಪಾಲಕರಿಗೆ ಗೊತ್ತು, ಹತ್ತು ವರ್ಷದ ಹಿಂದಿನ ವರದಿ ಯಾವ ಪತ್ರಿಕೆಯಲ್ಲಿ ಬಂದಿತ್ತೆಂದು ವರದಿಗಾರರಿಗೆ ಗೊತ್ತು. ಮಕ್ಕಳಿಗೆ ಮೊಬೈಲು ಗೊತ್ತು. ಕರಾವಳಿಯವರು ಕೂಡಿದಂತೆ ಇವರೂ ತಿಂಗಳಿಗೊಮ್ಮೆ ಕೂಡಿ, ಒಂದು ಹೋಬಳಿ ಹಿಡಿದು, ಒಂದೊಂದು ಊರಿನ ಪುಟಕ್ಕೆ ಎರಡು ಗಟ್ಟಿ ವಾಕ್ಯ, ಒಂದು ಚಿತ್ರ, ಒಂದು ಉಲ್ಲೇಖ ಸೇರಿಸುತ್ತ ಹೋದರೆ ವರ್ಷದೊಳಗೆ ಈ ಸೀಮೆಯ ಪುಟಗಳ ರೂಪವೇ ಬದಲಾಗುತ್ತದೆ.

ಅದಕ್ಕೆ ಗಡುವೂ ಒಂದು ಹತ್ತಿರದಲ್ಲಿದೆ. ಹಳ್ಳಿಗಳ ಜನಸಂಖ್ಯೆಗೆ ಇಂದಿಗೂ ಎಲ್ಲರೂ ಮೊರೆ ಹೋಗುವುದು 2011ರ ಜನಗಣತಿಗೆ. ಆ ಗಣತಿಯ ಕೈಪಿಡಿಯಲ್ಲಿ ಹರಪನಹಳ್ಳಿಯ ಹಳ್ಳಿಗಳು ದಾವಣಗೆರೆ ಜಿಲ್ಲೆಯಲ್ಲಿವೆ, ಉಳಿದವು ಬಳ್ಳಾರಿಯಲ್ಲಿ. ಕೊಟ್ಟೂರಿನ ಹಳ್ಳಿಗಳನ್ನು ಕೂಡ್ಲಿಗಿ ತಾಲ್ಲೂಕಿನ ಅಡಿಯಲ್ಲಿ ಹುಡುಕಬೇಕು. ಮುಂದಿನ ಜನಗಣತಿಯ ಎಣಿಕೆಗೆ 2027ರ ಮಾರ್ಚ್ 1 ಆಧಾರ ದಿನ. ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯ ಹೆಸರಿನಲ್ಲಿ ಒಟ್ಟಿಗೆ ಎಣಿಕೆಯಾಗುವುದು ಅದೇ ಮೊದಲು. ಅಂಕಿಅಂಶ ಪ್ರಕಟವಾದ ಮೇಲೆ ನೂರಾರು ಹಳ್ಳಿಗಳ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಜನಸಂಖ್ಯೆ, ಉಲ್ಲೇಖ ನಾಲ್ಕನ್ನೂ ತಿದ್ದಬೇಕಾಗುತ್ತದೆ, ಪುಟವೇ ಇಲ್ಲದ ಊರುಗಳಿಗೆ ಪುಟ ತೆರೆಯಬೇಕಾಗುತ್ತದೆ. ಈ ವರ್ಷ ತಮ್ಮೂರಿನ ಕೆರೆಯ ಬಗ್ಗೆ ಮೂರು ವಾಕ್ಯ ಬರೆದು, ತಿದ್ದಿಸಿಕೊಂಡು, ಆಧಾರ ಹಾಕಲು ಕಲಿತ ವಿದ್ಯಾರ್ಥಿಗಳಿಗೆ ಆ ಹೊತ್ತಿಗೆ ಕೈ ಕುದುರಿರುತ್ತದೆ. ಹೋಬಳಿಗೆ ಇಬ್ಬರಂತೆ ಸಿಕ್ಕರೂ ಆ ಕೆಲಸ ಮುಗಿಯುತ್ತದೆ.